ಕರಡು ಕೊಟ್ಟಿದ್ದೇವೆ, ಶಿಲ್ಪಶ್ರೀಯನ್ನು ಕೊಡಿ

ಮೂರೂರ ಮಹಿಳಾ ವಾಲಿಬಾಲ್ ಲೀಗಿನ ಆಯ್ಕೆ ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ಬೇಲೂರಿನಲ್ಲಿ ಶಿಲ್ಪಗಳಿಗೇನಾದರೂ ಬರ ಬಂದಿದೆಯೇ? ಗುಡಿಯ ಒಂದು ಗೋಡೆ ನೋಡಿ ಮುಗಿಸುವಷ್ಟರಲ್ಲಿ ಊಟದ ಹೊತ್ತು ಮೀರುವ ಊರದು. ಅಂಥ ಊರಿಗೆ ಹಾರನಹಳ್ಳಿಯ ಒಬ್ಬಳೇ ಒಬ್ಬಳು ಶಿಲ್ಪಶ್ರೀಯನ್ನು ಬರೆದುಕೊಟ್ಟಿದ್ದೀರಿ. ಅವಳ ಎತ್ತರ ಐದು ಅಡಿ ಹನ್ನೊಂದು ಅಂಗುಲ. ಅವಳ ಮನೆಗೂ ನಮ್ಮ ಆಟದ ಅಂಕಣಕ್ಕೂ ನಡುವೆ ಇರುವುದು ಒಂದು ರಸ್ತೆ, ಒಂದು ಚರಂಡಿ. ಈಗ ಅವಳು ಅಭ್ಯಾಸಕ್ಕೆಂದು ಅರಸೀಕೆರೆಗೆ ಒಂದು ಬಸ್ಸು, ಅಲ್ಲಿಂದ ಜಾವಗಲ್, ಹಳೇಬೀಡು ದಾಟಿ ಬೇಲೂರಿಗೆ ಇನ್ನೊಂದು ಬಸ್ಸು ಹಿಡಿಯುತ್ತಾಳೆ. ಬಸ್ಸಿಗೆ ಕಾಯುತ್ತ ನಿಂತಾಗ ನಮ್ಮ ನೆಟ್ಟಿನ ಕಂಬಕ್ಕೇ ಒರಗಿ ನಿಲ್ಲುತ್ತಾಳೆ, ಏಕೆಂದರೆ ಬಸ್ಸು ನಿಲ್ಲುವುದೂ ಅಲ್ಲೇ. ಇದನ್ನು ದಿನವೂ ನೋಡುವ ಯೋಗವನ್ನು ತಾವು ನಮಗೆ ಕರುಣಿಸಿದ್ದೀರಿ.

ನಾನು ಹಾರನಹಳ್ಳಿ ತಂಡದ ನಾಯಕಿ. ಹೊಟ್ಟೆಪಾಡಿಗೆ ಅರಸೀಕೆರೆಯ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮೂರೂರು ಎಂದು ಹೆಸರಿಟ್ಟು ಆರು ತಂಡ ಆಡಿಸುವ ನಿಮ್ಮ ಲೆಕ್ಕದಲ್ಲಿ ನಮ್ಮದು ಕಳೆದೆರಡು ವರ್ಷಗಳಿಂದ ಆರನೆಯ ಸ್ಥಾನ. ನಮ್ಮ ಚೆಂಡು ನೆಟ್ಟಗೆ ಹೋಗುವುದಿಲ್ಲ, ನೆಟ್ಟಿಗೇ ಹೋಗುತ್ತದೆ. ಈ ಎರಡು ವರ್ಷಗಳಲ್ಲಿ ನಾವು ಗೆದ್ದ ಸೆಟ್ಟುಗಳು ಎರಡು. ಮಿಕ್ಕವೆಲ್ಲ ಪಂದ್ಯದ ನಂತರ ಹೋಟೆಲಿನಲ್ಲಿ ತಿಂದ ಸೆಟ್ ದೋಸೆಗಳು. 'ಹಾರನು' ಎಂದರೆ 'ಹಾರುವುದಿಲ್ಲ' ಎಂದು ಹಳೆಯ ವ್ಯಾಕರಣ ಹೇಳುತ್ತದೆ. ನಮ್ಮದು ಹೆಂಗಸರ ತಂಡವಾದ್ದರಿಂದ ಊರಿಗೆ ಹಾರಳಹಳ್ಳಿ ಎಂದು ಮರುನಾಮಕರಣ ಮಾಡಿದರೂ ನಮ್ಮ ತಕರಾರಿಲ್ಲ. ತಕರಾರು ಇರುವುದು ನಿಮ್ಮ ನಿಯಮದ ಹತ್ತನೆಯ ಕಲಮಿಗೆ: ಮೂರು ವರ್ಷ ಒಂದೇ ಸಮನೆ ಕೊನೆಗೆ ಬಂದ ತಂಡವನ್ನು ಲೀಗಿನಿಂದ ತೆಗೆಯಲಾಗುವುದು. ಇದು ಮೂರನೆಯ ವರ್ಷ. ಶಿಲ್ಪಶ್ರೀ ಬಂದರೆ ತಂಡ ಉಳಿದೀತು. ಬರದಿದ್ದರೆ ನಮ್ಮ ನೆಟ್ಟನ್ನು ಯಾರಾದರೂ ಹುರುಳಿ ಬಳ್ಳಿಗೆ ಕಟ್ಟಿಕೊಳ್ಳಬಹುದು.

ಹಾಗಾದರೆ ನೆರವಿನ ನಿಯಮವೇ ಇರಲಿಲ್ಲವೇ? ಇತ್ತು, ಅದೂ ತಾವೇ ತಂದದ್ದು. ಹೊಸ ಆಟಗಾರ್ತಿಯರನ್ನು ಚೀಟಿ ಎತ್ತಿದ ಸರದಿಯಂತೆ ತಂಡಗಳು ಆರಿಸಿಕೊಳ್ಳುವುದು ಮೊದಲಿನ ಪದ್ಧತಿ. ಕೊನೆಗೆ ಬಂದ ತಂಡ ಚೀಟಿ ಎತ್ತುವ ಮುಂಚೆಯೇ ತನಗೆ ಬೇಕಾದ ಒಬ್ಬಳನ್ನು ಆರಿಸಿಕೊಳ್ಳಬಹುದು ಎಂಬುದು ನೀವು ಸೇರಿಸಿದ ಹೊಸ ಸೌಲಭ್ಯ. ಸದುದ್ದೇಶ, ಒಪ್ಪಿದೆ. ಆದರೆ ಇಂಗ್ಲಿಷಿನಲ್ಲಿ 'ಡ್ರಾಫ್ಟ್' ಎಂದಿದ್ದ ಇದನ್ನು ನಿಮ್ಮ ಕಚೇರಿ ಕನ್ನಡಕ್ಕೆ ತಂದ ಸೊಬಗನ್ನು ಈ ಬಹಿರಂಗ ಪತ್ರದ ಓದುಗರೂ ಸವಿಯಲಿ. ಸುತ್ತೋಲೆಯ ವಾಕ್ಯ ಇಷ್ಟೇ: "ಕೊನೆಯ ಸ್ಥಾನ ಪಡೆದ ತಂಡಕ್ಕೆ ಹೆಚ್ಚುವರಿ ಕರಡು ನೆರವು ನೀಡಲಾಗುವುದು. ಸದರಿ ತಂಡವು ಆಯ್ಕೆಯ ದಿನದಂದು ತನ್ನ ಕರಡನ್ನು ಮಂಡಿಸತಕ್ಕದ್ದು."

ಕಳೆದ ಋತು ಮುಗಿಯುವ ಮುಂಚೆ ಸುತ್ತೋಲೆ ಬಂದ ದಿನ ಅಂಕಣದ ಕಟ್ಟೆಯ ಮೇಲೆ ಕೂತು ಇದರ ಅರ್ಥಕ್ಕಾಗಿ ನಾವು ಪಟ್ಟ ಪಾಡನ್ನು ಹೇಳಿಬಿಡುತ್ತೇನೆ. ನಮ್ಮ ತಂಡದ ಹಿರಿಯ ಆಟಗಾರ್ತಿ ಮುದ್ದಮ್ಮನವರಿಗೆ ನಲವತ್ತಾರು ವರ್ಷ, ತೆಂಗಿನ ತೋಟವಿದೆ, ಎಡಗಿವಿ ಸ್ವಲ್ಪ ಮಂದ. ನಾನು ಓದಿದ್ದನ್ನು ಕೇಳಿ ಅವರು ಕೈಯಲ್ಲಿದ್ದ ಚೆಂಡನ್ನು ಕೆಳಗಿಟ್ಟರು.

"ಕರಡಿ ಕೊಡ್ತಾರಂತಾ? ನಮ್ ಗುಡ್ಡದಾಗೆ ಬೇಕಾದಷ್ಟು ಐತಲ್ಲ ಕಣವ್ವ, ಅದುಕ್ಕೆ ಅರ್ಜಿ ಯಾಕೆ?"

ಕರಡಿಯಲ್ಲ, ಕರಡು ಎಂದು ನಾನು ತಿದ್ದಿದೆ. ಅವರು, ಕರಡಿಯಾದರೆ ಎದ್ದು ನಿಂತಾಗ ನೆಟ್ಟಿಗಿಂತ ಎತ್ತರ ಬರುತ್ತದೆ, ಎದುರಿನವರ ಹೊಡೆತ ತಡೆಯುತ್ತದೆ, ಕರಡು ತಗೊಂಡು ಏನು ಮಾಡುವುದು ಎಂದು ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ಊರಿನಲ್ಲಿ ಕನ್ನಡದಲ್ಲಿ ಎಂ.ಎ. ಮಾಡಿದವಳು ನಾನೊಬ್ಬಳೇ. ಗಂಟಲು ಸರಿಮಾಡಿಕೊಂಡು ಹೇಳಿದೆ: ಕರಡು ಎಂದರೆ ತಿದ್ದುವ ಮುಂಚಿನ ಬರಹ. ಸೋತ ತಂಡದ ಅಹವಾಲನ್ನು ಬರಹದಲ್ಲಿ ಕೇಳುತ್ತಿದ್ದಾರೆ, ಬರೆಯಲು ನೆರವನ್ನೂ ಕೊಡುತ್ತಾರೆ.

ಮಾನ್ಯರೇ, ಅಷ್ಟು ಆತ್ಮವಿಶ್ವಾಸದಿಂದ ನಾನು ಒಂದು ಸರ್ವ್ ಕೂಡ ಮಾಡಿದವಳಲ್ಲ.

ನಮ್ಮ ವ್ಯವಸ್ಥಾಪಕರಾದ ಗಂಗಾಧರಯ್ಯನವರ ಕಣ್ಣು ಹೊಳೆಯಿತು. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಅಂಕಣದ ಹೊರಗೆ ಎರಡು ವರ್ಷ ಅಂಕ ಬರೆದು ಬರೆದು, ಅದೂ ಎದುರಾಳಿಗಳ ಅಂಕವನ್ನೇ ಬರೆದು ಬೇಸತ್ತಿದ್ದರು. ಕೊನೆಗೂ ತಂಡಕ್ಕೆ ತಮ್ಮ ವಿದ್ಯೆ ಬೇಕಾಯಿತೆಂದು ಅವರಿಗೆ ಹಿಗ್ಗು. "ನೆರವು ಅವರ್ಯಾರು ಕೊಡೋದು ಮೇಡಂ? ಕರಡು ಬರೆಯೋದ್ರಲ್ಲಿ ಈ ತಾಲ್ಲೂಕಿಗೇ ನಾನು ನೆರವು ಕೊಟ್ಟವನು" ಎಂದು ಹೇಳಿ ಮನೆಗೆ ಹೊರಟೇಬಿಟ್ಟರು.

ಇದೇ ಸುತ್ತೋಲೆ ಹಳೇಬೀಡಿಗೂ ಹೋಗಿತ್ತು. ಅವರಲ್ಲಿ ಯಾರಿಗೋ ಇಂಗ್ಲಿಷ್ ಪ್ರತಿ ಸಿಕ್ಕಿದ್ದರಿಂದ ಸರಿಯಾಗಿ ಅರ್ಥವಾಗಿತ್ತು. ಕಳೆದ ಋತುವಿನ ಕಡೆಯ ಪಂದ್ಯ ನಮಗೂ ಅವರಿಗೂ. ಆವರೆಗೆ ಇಬ್ಬರದೂ ಸಮಾನ ಸೋಲು; ಅಲ್ಲಿ ಸೋತವರೇ ಆರನೆಯವರು. ಅವರು ಸೋಲಲೆಂದೇ ಬಂದರು. ನಾವು ಗೆಲ್ಲಲೆಂದೇ ಹೋದೆವು, ಏಕೆಂದರೆ ಅರ್ಜಿ ಬರೆಯುವ ನೆರವಿಗಾಗಿ ಬೇಕೆಂದೇ ಸೋಲುವಷ್ಟು ಸಾಹಿತ್ಯಪ್ರೇಮ ನಮಗಿಲ್ಲ. ಮೊದಲ ಸೆಟ್ಟಿನಲ್ಲೇ ಹಳೇಬೀಡಿನವರ ಹನ್ನೊಂದು ಸರ್ವ್ ನೆಟ್ಟಿಗೆ ಬಡಿದವು. ಒಬ್ಬಳಂತೂ ಚೆಂಡು ಬರುವಾಗ ಜಡೆ ಹೆಣೆದುಕೊಳ್ಳುತ್ತಿದ್ದಳು. ಅಂಥವರ ಎದುರೂ ನಾವು ನೇರ ಸೆಟ್ಟುಗಳಲ್ಲಿ ಸೋತೆವು. ಕಡೆಯ ಅಂಕ ಬಂದದ್ದು ನಾನು ಹೊಡೆದ ಚೆಂಡು ಮುದ್ದಮ್ಮನವರ ಬೆನ್ನಿಗೆ ಬಡಿದು ಹೊರಗೆ ಹೋದಾಗ. ಹಳೇಬೀಡಿನ ನಾಯಕಿ ಪ್ರತಿಮಾ ಕೈಕುಲುಕಲು ಬಂದವಳು ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು.

"ಏನ್ರೀ ನೀವು, ನಮ್ಮನ್ನ ಸೋಲೋಕೂ ಬಿಡಲ್ವಲ್ರೀ."

ಗೆದ್ದವರು ಅಳುವುದೂ ಒಂದು ಬಗೆಯ ಆನಂದಬಾಷ್ಪವೇ ಇರಬೇಕೆಂದು ಆಗ ಅಂದುಕೊಂಡೆ. ಅವಳ ಮಾತಿನ ಅರ್ಥ ನೆಟ್ಟು ದಾಟಿ ನಮ್ಮ ಬದಿಗೆ ಬಿದ್ದದ್ದು ಆಮೇಲೆ.

ಈಗ ಮುಖ್ಯ ವಾದಕ್ಕೆ ಬರೋಣ. ನಿಮ್ಮ ಸಭೆಯಲ್ಲಿ ಹಾಲಿ ಚಾಂಪಿಯನ್ ಬೇಲೂರಿನ ತರಬೇತುದಾರರಾದ ಧರ್ಮೇಶ್ ಅವರು ಎದ್ದು, ಸೋತೋರಿಗೇ ಬಹುಮಾನ ಕೊಟ್ರೆ ಗೆದ್ದೋರು ಯಾಕ್ರೀ ಬೆವರು ಸುರಿಸ್ಬೇಕು ಎಂದು ಕೇಳಿದರಂತೆ. ನೀವು ತಲೆದೂಗಿದಿರಂತೆ. ಅದು ಒಪ್ಪಿಗೆಯೋ ತೂಕಡಿಕೆಯೋ ನನಗೆ ಗೊತ್ತಿಲ್ಲ. ನನ್ನ ಪ್ರಶ್ನೆ ಇದು: ಐದು ತಂಡಗಳು ಸೋಲದೆ ಒಂದು ತಂಡ ಗೆಲ್ಲುವುದು ಹೇಗೆ? ಬೇಲೂರಿನವರ ಕೊರಳಿಗೆ ಬಿದ್ದ ಹಾರದಲ್ಲಿ ನಮ್ಮ ಊರಿನ ಹೆಸರೇ ಇಲ್ಲವೇ? ನಮ್ಮನ್ನು ತೆಗೆದುಹಾಕಿದರೆ ನಾಳೆ ಬಾಣಾವರ ಕೊನೆಯದಾಗುತ್ತದೆ. ಅದನ್ನೂ ತೆಗೆದರೆ ಅರೇಹಳ್ಳಿ. ಕಡೆಗೊಂದು ದಿನ ಬೇಲೂರಿನವರು ನೆಟ್ಟಿನ ಎರಡೂ ಬದಿ ತಾವೇ ನಿಂತು ಆಡಿ, ಅದರಲ್ಲಿ ಅರ್ಧ ಜನ ಸೋಲಬೇಕಾಗುತ್ತದೆ. ಧರ್ಮೇಶ್ ಅವರು ಆಗ ಯಾವ ಬದಿಯಲ್ಲಿ ಬೆವರು ಸುರಿಸುತ್ತಾರೆ?

ನೆರವು ಸಿಗುತ್ತದೆಂದರೆ ಬೇಕೆಂದೇ ಸೋಲುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ನಿಜವಿದೆ. ಹಳೇಬೀಡಿನವರು ನಮ್ಮ ಕಣ್ಣೆದುರೇ ಪ್ರಯತ್ನಿಸಿದರು, ನಾವು ಅವಕಾಶ ಕೊಡಲಿಲ್ಲ ಅಷ್ಟೇ. ಆದರೆ ನಮ್ಮ ಮೇಲೆ ಆ ಆರೋಪ ಹೊರಿಸುವವರು ನಮ್ಮನ್ನು ಸುಮ್ಮನೆ ಹೊಗಳುತ್ತಿದ್ದಾರೆ. ಬೇಕೆಂದೇ ಸೋಲಲು ಬೇಕಾದಾಗ ಗೆಲ್ಲುವ ತಾಕತ್ತಿರಬೇಕು. ನಮ್ಮ ಸೋಲು ಕಲಬೆರಕೆಯಿಲ್ಲದ ಸೋಲು. ನಮ್ಮ ಕಾಲೇಜಿನಲ್ಲಿ ಫೇಲಾದವರಿಗೆ ನಾನು ಸಂಜೆ ವಿಶೇಷ ತರಗತಿ ತೆಗೆದುಕೊಳ್ಳುತ್ತೇನೆ. ಮೊದಲ ದರ್ಜೆಯವರು ಯಾರೂ ಬಂದು ಇದು ಫೇಲಾದವರಿಗೆ ಬಹುಮಾನ ಎಂದು ಜಗಳ ತೆಗೆದಿಲ್ಲ. ನನ್ನ ತರಗತಿಯಲ್ಲಿ ಇನ್ನೊಂದು ಗಂಟೆ ಕೂರುವ ಆಸೆಯಿಂದ ಬೇಕೆಂದೇ ಫೇಲಾದ ವಿದ್ಯಾರ್ಥಿ ಇದುವರೆಗೆ ಒಬ್ಬನೂ ಸಿಕ್ಕಿಲ್ಲ. ಸಿಕ್ಕರೆ ಒಂದು ಹಾರ ಅವನಿಗೆ ನಾನೇ ಹಾಕುತ್ತೇನೆ. ನೆರವು ಪದಕವಲ್ಲ, ಮಾನ್ಯರೇ, ಅದು ಏಣಿಯ ಮೊದಲ ಮೆಟ್ಟಿಲು. ಅದನ್ನು ಹತ್ತಿದ ಮೇಲೂ ನಾವು ಹಾರಲೇಬೇಕು.

ಇನ್ನು ಆಯ್ಕೆಯ ದಿನ. ಅರಸಿ ಕರೆಯುವ ಕೆಲಸಕ್ಕೆ ಅರಸೀಕೆರೆಗಿಂತ ಹೊಂದುವ ಊರಿಲ್ಲ, ಆದ್ದರಿಂದ ಸಭೆ ಅಲ್ಲೇ, ರೈಲು ನಿಲ್ದಾಣದ ಹತ್ತಿರದ ಸಭಾಂಗಣದಲ್ಲಿ ನಡೆಯಿತು. ಬೆಳಿಗ್ಗೆ ಹನ್ನೊಂದಕ್ಕೆ ತಾವು ಎದ್ದು ನಿಂತು, "ಹಾರನಹಳ್ಳಿ, ನಿಮ್ಮ ಕರಡು?" ಎಂದಿರಿ. ಎರಡನೇ ಸಾಲಿನಲ್ಲಿ ಶಿಲ್ಪಶ್ರೀ ಕೂತಿದ್ದಳು. ಅವಳು ನನ್ನ ವಿದ್ಯಾರ್ಥಿನಿ, ಈ ವರ್ಷವಷ್ಟೇ ಲೀಗಿನಲ್ಲಿ ಹೆಸರು ನೋಂದಾಯಿಸಿದವಳು. ಬೂಟಿನ ದಾರ ಬಿಗಿದುಕೊಂಡು ಅರ್ಧ ಎದ್ದಿದ್ದಳು. ಅವಳಿಗಿಂತ ಮೊದಲು ಎದ್ದವರು ಗಂಗಾಧರಯ್ಯ. ವೇದಿಕೆಗೆ ನಡೆದು, ಅಂಚು ಬಿಟ್ಟು, ವಿಷಯ, ಉಲ್ಲೇಖ ಎಲ್ಲ ನಮೂದಿಸಿದ ಮೂರು ಪುಟದ ಕರಡನ್ನು ಎರಡು ಪ್ರತಿಗಳಲ್ಲಿ ನಿಮ್ಮ ಕೈಗಿತ್ತರು.

ಅಲ್ಲಿಗಾದರೂ ತಾವು ನಗಬಹುದಿತ್ತು. ಏನ್ರೀ ಇದು ಎಂದು ಗದರಬಹುದಿತ್ತು. ತಾವು ಕನ್ನಡಕ ಹಾಕಿಕೊಂಡಿರಿ. ಮೂರೂ ಪುಟ ಓದಿದಿರಿ. ಕೆಂಪು ಪೆನ್ನು ತೆಗೆದಿರಿ. ಕಾಗದ ಕೈಗೆ ಬಂದರೆ ತಿದ್ದದೆ ಇರಲಾಗದ ಕಚೇರಿಯ ಕಾಯಿಲೆ ಗಂಗಾಧರಯ್ಯನವರಿಗೆ ಮಾತ್ರ ಇದೆ ಎಂದು ನಾನು ತಿಳಿದಿದ್ದೆ. ಎರಡೂ ಪ್ರತಿಗಳಲ್ಲಿ ಎರಡೆರಡು ತಪ್ಪು ತಿದ್ದಿ, 'ಕರಡು ಸ್ವೀಕರಿಸಲಾಗಿದೆ' ಎಂಬ ಮುದ್ರೆ ಒತ್ತಿ, ಒಂದನ್ನು ನಮಗೆ ಮರಳಿಸಿದಿರಿ. ಪುಸ್ತಕದಲ್ಲಿ ಹಾರನಹಳ್ಳಿಯ ಹೆಚ್ಚುವರಿ ಅವಕಾಶ ಮುಗಿಯಿತು ಎಂದು ಬರೆದು, ಚೀಟಿಯ ಡಬ್ಬಿ ಅಲ್ಲಾಡಿಸಿದಿರಿ. ಬೇಲೂರಿಗೆ ಮೊದಲ ಸರದಿ, ನಮಗೆ ಆರನೆಯದು. ಧರ್ಮೇಶ್ ಅವರು ಎದ್ದು ಎರಡೇ ಶಬ್ದ ಹೇಳಿದರು: "ಶಿಲ್ಪಶ್ರೀ, ಹಾರನಹಳ್ಳಿ." ನಾವು ಚಪ್ಪಾಳೆ ಹೊಡೆದೆವು. ನಮ್ಮೂರ ಹುಡುಗಿಯ ಹೆಸರು ಕರೆದರಲ್ಲ ಎಂಬ ಸಂತೋಷಕ್ಕೆ. ಆಮೇಲೆ ಒಬ್ಬೊಬ್ಬರ ಕೈಯೇ ನಿಧಾನವಾಗಿ ನಿಂತಿತು.

ಹೊರಗೆ ಬಂದಾಗ ಶಿಲ್ಪಶ್ರೀ ನನ್ನ ಹತ್ತಿರ ಬಂದಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

"ಮೇಡಂ, ಒಂದ್ಸಲ ನನ್ ಹೆಸರು ಹೇಳಿದ್ರೆ ಆಗಿತ್ತಲ್ಲ."

ನಲವತ್ತು ಸಾವಿರ ಪದಗಳಿರುವ ನಿಘಂಟು ನನ್ನ ಮನೆಯಲ್ಲಿದೆ. ಅಂದು ಹೇಳಬೇಕಿದ್ದದ್ದು ಅದರಲ್ಲಿಲ್ಲದ ಒಂದೇ ಒಂದು ಪದ. ಹಿಂದಿರುಗುವ ಬಸ್ಸಿನಲ್ಲಿ ಮುದ್ದಮ್ಮನವರು, ನಾನು ಹೇಳಿದ್ದೇ ಸರಿ ಇತ್ತು ಕಣವ್ವ ಎಂದರು. ಸರಿಯೇ ಇತ್ತು. ಜೀವವಿರುವ, ಎದ್ದು ಕೈಯೆತ್ತಿದರೆ ನೆಟ್ಟಿಗಿಂತ ಎತ್ತರ ಬರುವ ಒಂದು ಆಸಾಮಿ ನಮ್ಮ ತಂಡ ಸೇರುತ್ತದೆ ಎಂದು ಅವರು ಅರ್ಥ ಮಾಡಿಕೊಂಡಿದ್ದರು. ಎಂ.ಎ. ಅರ್ಥಕ್ಕಿಂತ ಮಂದಗಿವಿಯ ಅರ್ಥವೇ ನಿಮ್ಮ ನಿಯಮಕ್ಕೆ ಹತ್ತಿರವಾಗಿತ್ತು.

ಗಂಗಾಧರಯ್ಯನವರು ಮಾತ್ರ ಕಿಟಕಿ ಪಕ್ಕ ಕೂತು, ನೀವು ಮರಳಿಸಿದ ಪ್ರತಿಯನ್ನು ಓದುತ್ತಿದ್ದರು. ಮುದ್ರೆ ಬಿದ್ದ ಕಾಗದವನ್ನು ಓದದೆ ಮಡಿಸಿದವರಲ್ಲ ಅವರು. ಹಾರನಹಳ್ಳಿ ಇನ್ನೂ ದೂರವಿರುವಾಗಲೇ ಎದ್ದು ಬಂದು ಮೂರನೆಯ ಪುಟವನ್ನು ನನ್ನ ತೊಡೆಯ ಮೇಲಿಟ್ಟು ಬೆರಳು ತೋರಿಸಿದರು.

ಆ ಪುಟದ ಕಡೆಯ ವಾಕ್ಯವನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ: "ಆದ್ದರಿಂದ ನಮ್ಮ ಗ್ರಾಮದವರೇ ಆದ ಕುಮಾರಿ ಶಿಲ್ಪಶ್ರಿ ಇವರನ್ನು ನಮ್ಮ ತಂಡಕ್ಕೆ ನೀಡಬೇಕಾಗಿ ಕೋರಿಕೆ." 'ಶ್ರಿ' ಎಂಬಲ್ಲಿ ಗಂಗಾಧರಯ್ಯನವರು ದೀರ್ಘ ಮರೆತಿದ್ದರು. ತಾವು ಕೆಂಪು ಶಾಯಿಯಲ್ಲಿ ದೀರ್ಘ ಕೊಟ್ಟಿದ್ದೀರಿ. ಅಂದರೆ ಆ ಹೆಸರನ್ನು ತಾವು ಓದಿದ್ದೀರಿ, ಒಪ್ಪವಾಗಿ ತಿದ್ದಿದ್ದೀರಿ, ಕೆಳಗೆ ಸ್ವೀಕರಿಸಲಾಗಿದೆ ಎಂದು ಮುದ್ರೆಯನ್ನೂ ಒತ್ತಿದ್ದೀರಿ. ಹೆಸರಿಗೆ ದೀರ್ಘ ಕೊಟ್ಟವರು ಆ ದೀರ್ಘಕಾಯದವಳನ್ನು ಹತ್ತೇ ನಿಮಿಷದಲ್ಲಿ ಬೇಲೂರಿಗೆ ಕೊಟ್ಟದ್ದು ಹೇಗೆ? ಕರಡನ್ನು ಬಾಯಲ್ಲೇ ಹೇಳಬೇಕು, ಬರೆದು ಕೊಡಕೂಡದು ಎಂದು ನಿಮ್ಮ ಸುತ್ತೋಲೆಯಲ್ಲಿ ಎಲ್ಲಿದೆ? 'ಮಂಡಿಸತಕ್ಕದ್ದು' ಎಂದಿರಿ, ಮಂಡಿಸಿದೆವು. ಚೀಟಿ ಎತ್ತುವ ಮೊದಲೇ, ಅವಳ ಹೆಸರಿನ ಸಮೇತ, ಎರಡು ಪ್ರತಿಗಳಲ್ಲಿ. ಎರಡು ವರ್ಷದಲ್ಲಿ ಹಾರನಹಳ್ಳಿ ತಂಡ ಗೆರೆಯೊಳಗೆ ಬೀಳಿಸಿದ ಒಂದೇ ಹೊಡೆತ ಇದು. ದಯವಿಟ್ಟು ಇದನ್ನು ಔಟ್ ಎನ್ನಬೇಡಿ.

ಕಚೇರಿಯ ಪದ್ಧತಿ ನನಗಿಂತ ತಮಗೆ ಚೆನ್ನಾಗಿ ಗೊತ್ತು. ಕರಡು ತಿದ್ದಿ ಒಪ್ಪಿಗೆಯಾದ ಮೇಲೆ ಶುದ್ಧಪ್ರತಿ ಆಗಬೇಕು. ನಮ್ಮ ಕರಡು ತಿದ್ದಿಯಾಗಿದೆ, ಒಪ್ಪಿಯೂ ಆಗಿದೆ. ಶುದ್ಧಪ್ರತಿಯ ವಿವರ ಹೀಗಿದೆ: ಎತ್ತರ ಐದು ಅಡಿ ಹನ್ನೊಂದು ಅಂಗುಲ, ಬಿಳಿ ಬೂಟು, ಬಲಗೈ ಹೊಡೆತ. ಸದ್ಯ ನಮ್ಮ ನೆಟ್ಟಿನ ಕಂಬಕ್ಕೆ ಒರಗಿ ಬೇಲೂರಿನ ದಿಕ್ಕಿನ ಬಸ್ಸಿಗೆ ಕಾಯುತ್ತಿದೆ. ಬರುವ ಭಾನುವಾರ ನಮಗೂ ಬೇಲೂರಿಗೂ ಹಾರನಹಳ್ಳಿಯಲ್ಲಿ ಮೊದಲ ಪಂದ್ಯ. ಅದರೊಳಗೆ ಸದರಿ ಶುದ್ಧಪ್ರತಿಯನ್ನು ಕಂಬದಿಂದ ನಾಲ್ಕು ಹೆಜ್ಜೆ ಒಳಕ್ಕೆ, ಅಂಕಣದ ನಮ್ಮ ಬದಿಗೆ ತಲುಪಿಸಲು ಆದೇಶ ಹೊರಡಿಸಬೇಕು. ಸಾಗಣೆಗೆ ಬಸ್ಸೂ ಬೇಕಿಲ್ಲ.

ಇಂತಿ,
ಅರ್ಥ ಗೊತ್ತಿದ್ದೂ ಅನರ್ಥ ಮಾಡಿಕೊಂಡ,
ಇಂದು
(ನಾಳೆ ಸೋತರೂ ಇಂದುವೇ)
ನಾಯಕಿ, ಹಾರನಹಳ್ಳಿ ತಂಡ

ವಿ.ಸೂ.: ಈ ಪತ್ರದ ಕರಡನ್ನು ಗಂಗಾಧರಯ್ಯನವರೇ ತಿದ್ದಿದ್ದಾರೆ. ತಪ್ಪುಗಳು ಉಳಿದಿದ್ದರೆ ಕೆಂಪು ಪೆನ್ನು ತಮ್ಮ ಬಳಿಯೇ ಇದೆ.