ಅಕ್ಕನ ಕಡೆ, ಗೋಡೆ ಕಡೆ

ದೋಣಿ ಶೆಡ್ಡು, ಮನೆ ಹಿಂದೆ
ಹದಿನಾರನೇ ತಾರೀಕು, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ನಿಂತೇ ಇರಬೇಕು ಅಂತ ಹೋದ ಸಲ ನೀನು ಬರೆದಿದ್ದೆ. ಒಂದು ಸ್ಟೂಲು ಕೇಳುವುದಕ್ಕೆ ನಿನಗೇನು ಸಂಕೋಚ? ಊರವರ ಪರವಾಗಿ ಜಗಳಕ್ಕೆ ನಿಲ್ಲುವವಳು, ನಿನ್ನ ಸೊಂಟದ ವಿಷಯಕ್ಕೆ ಬಾಯಿ ಹೊಲಿದುಕೊಂಡು ಕೂರುತ್ತೀ. ಅಮ್ಮನ ಮಂಡಿ ಹಾಗೇ ಇದೆ. ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ, ಹತ್ತುವಾಗ ಮೌನ. ಅಪ್ಪ ದಿನಕ್ಕೆರಡು ಸಲ ಕಣ್ಣಿಗೆ ಹನಿ ಹಾಕಿಕೊಳ್ಳುತ್ತಾರೆ. ಆ ಬಾಟಲಿಯನ್ನು ಸ್ಪಾರ್ಕ್ ಪ್ಲಗ್ಗಿನ ಡಬ್ಬಿಯ ಹಿಂದೆ ಬಚ್ಚಿಡುತ್ತಾರೆ, ಎಂಜಿನ್ ರಿಪೇರಿಗೆ ಶೆಡ್ಡಿಗೆ ಬರುವ ಗಿರಾಕಿಗಳು ನೋಡಬಾರದು ಅಂತ. ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ಮೂರು ದಿನದಿಂದ ನಾನು, ಯಾರೋ ಎಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟುಹೋದ ದೋಣಿಯ ಹಾಗಿದ್ದೇನೆ. ಮುಂದಕ್ಕೂ ಹೋಗುವುದಿಲ್ಲ, ನಿಲ್ಲುವುದೂ ಇಲ್ಲ.

ವಿಷಯ ಏನೆಂದರೆ, ನಾನು ಮೋಟಾರು ದೋಣಿ ಓಡಿಸುವ ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ. ಬಾಡಿಗೆ ಓಡಿಸುವ ದೊಡ್ಡ ಲೈಸೆನ್ಸಲ್ಲ, ನಮ್ಮ ಆರು ಸೀಟಿನ ದೋಣಿಯಂಥದ್ದನ್ನು ವಿಹಾರಕ್ಕೆ ಓಡಿಸುವುದು. ನಗಬೇಡ. ಬೇಕರಿಯಲ್ಲಿ ಎರಡು ತಿಂಗಳು, ಜೆರಾಕ್ಸ್ ಅಂಗಡಿಯಲ್ಲಿ ಮೂರು ವಾರ, ಸಸಿ ಮಾರುವವರ ಹತ್ತಿರ ಒಂದು ಮಳೆಗಾಲ ಅಂತ ಲೆಕ್ಕ ಹಾಕುತ್ತಿರುತ್ತೀ, ನನಗೆ ಗೊತ್ತು. ಆದರೆ ಇದಕ್ಕೆ ನಾಲ್ಕು ತಿಂಗಳಿಂದ ಅಂಟಿಕೊಂಡಿದ್ದೇನೆ. ದೋಣಿಯಲ್ಲಿ ಕೂತಿದ್ದರೂ ನಾನು ಕೂತ ಹಾಗಲ್ಲ, ಅದು ಓಡುತ್ತಿರುತ್ತದೆ. ಅದಕ್ಕೇ ಇರಬೇಕು. ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಹಿಂದೆ ಲೈಸೆನ್ಸಿಲ್ಲದೆ ದೋಣಿ ಓಡಿಸಿದ್ದೀರಾ? ಹೌದು, ನಾಲ್ಕು ಸಲ, ಅಂತ ಬರೆದೆ. ಕಚೇರಿಯ ಗುಮಾಸ್ತ ಕನ್ನಡಕ ಹಣೆಗೇರಿಸಿ, ಇದಕ್ಕೆ ಯಾರೂ ಹೌದು ಅಂತ ಬರೆಯಲ್ಲ ಕಣಮ್ಮ, ಹೊಡೆದುಹಾಕು ಅಂದ. ಬರೆಯದೇ ಇರೋದಾದ್ರೆ ಯಾಕೆ ಕೇಳ್ತೀರಿ ಅಂದೆ. ಅವನು ಫೋಟೋ ಅಂಟಿಸಲು ಗೋಂದಿನ ಬಾಟಲಿ ಮುಂದೆ ತಳ್ಳಿದ. ಆಮೇಲೆ ಕಲಿಯುವವರ ಚೀಟಿ ಸಿಕ್ಕಿತು, ಈಗ ಓಡಿಸುವುದೆಲ್ಲ ಅದರ ಮೇಲೆ. ಲಿಖಿತ ಪರೀಕ್ಷೆ ಮೊದಲ ಸಲ ಫೇಲು, ಎರಡನೇ ಸಲ ಪಾಸು. ಅಮ್ಮ ಅಕ್ಕಪಕ್ಕದವರಿಗೆಲ್ಲ ಪಾಸಿನ ವಿಷಯ ಮಾತ್ರ ಹೇಳಿದಳು. ಕೇಳಿದವರಿಗೆ ಫೇಲಿನದ್ದು ನಾನು ಹೇಳಿದೆ. ಈಗ ಉಳಿದಿರುವುದು ನೀರಿನ ಮೇಲಿನ ಪರೀಕ್ಷೆ, ಮೂವತ್ತನೇ ತಾರೀಕು.

ನನ್ನ ಮೊದಲ ಭಯ ನಿನಗೆ ಹೇಳದೆಯೇ ಗೊತ್ತಿರಬೇಕು. ಎಡ, ಬಲ. ಚಿಕ್ಕಂದಿನಿಂದ ನಮ್ಮಿಬ್ಬರಿಗೂ ಒಂದೇ ಮಂಚ. ಒಂದು ಪಕ್ಕಕ್ಕೆ ನೀನು, ಇನ್ನೊಂದು ಪಕ್ಕಕ್ಕೆ ತಣ್ಣಗಿನ ಗೋಡೆ, ನಡುವೆ ನಾನು. ಎಡ ಅಂದರೆ ಅಕ್ಕನ ಕಡೆ, ಬಲ ಅಂದರೆ ಗೋಡೆ ಕಡೆ ಅಂತ ನೀನೇ ಕಲಿಸಿದ್ದು. ಸ್ಕೂಲಿನ ಕವಾಯತಿನಲ್ಲಿ ಮೇಷ್ಟ್ರು ಎಡಕ್ಕೆ ತಿರುಗು ಅಂದಾಗ ನಾನು ಜೋರಾಗಿ ಅಕ್ಕನ ಕಡೆ ಅಂತ ಹೇಳಿಕೊಂಡು ತಿರುಗಿದೆ. ಮೂರು ವರ್ಷ ಆ ಹೆಸರಲ್ಲೇ ರೇಗಿಸಿದರು. ಅದಕ್ಕೇ ಸ್ಕೂಲು ಬಿಟ್ಟೆ ಅಂತ ಅಮ್ಮ ಇವತ್ತಿಗೂ ನಂಬಿದ್ದಾಳೆ. ಅದು ನಿಜವಲ್ಲ, ಬೆಂಚಿನ ಮೇಲೆ ಕೂರಲಾಗದೆ ಬಿಟ್ಟೆ. ನೀನು ಹೋದ ಮೇಲೆ ನಾನು ಮಂಚದ ನಟ್ಟನಡುವೆ ಕೈಕಾಲು ಚಾಚಿ ಮಲಗಿದೆ, ರಾಣಿಯ ಹಾಗೆ. ಒಂದು ವರ್ಷದಲ್ಲಿ ಎರಡೂ ಕಡೆ ಒಂದೇ ಆಗಿಹೋಯಿತು. ಈಗ ಪರೀಕ್ಷೆಗೆಂದು ಮತ್ತೆ ಗೋಡೆಗೆ ಅಂಟಿಕೊಂಡು ಮಲಗುತ್ತಿದ್ದೇನೆ. ನಿನ್ನ ಜಾಗದಲ್ಲಿ ದಿಂಬಿದೆ. ದಿಂಬು ನಿನ್ನಷ್ಟು ಒದೆಯುವುದಿಲ್ಲ.

ದೋಣಿಯಲ್ಲಿ ಈ ಎಡಬಲವೇ ಸರ್ವಸ್ವ ಅಕ್ಕಾ. ಎಡಗಡೆ ಕೆಂಪು ದೀಪ, ಬಲಗಡೆ ಹಸಿರು. ಅಂದರೆ ಅಕ್ಕನ ಕಡೆ ಕೆಂಪು, ನಿನ್ನ ಸಿಟ್ಟಿನ ಬಣ್ಣವೇ, ಅದು ಮರೆಯುವುದಿಲ್ಲ. ಗೋಡೆ ಕಡೆಯಿಂದ ಅಡ್ಡ ಬರುವ ದೋಣಿಗೆ ನಾನು ದಾರಿ ಬಿಡಬೇಕು. ಅಕ್ಕನ ಕಡೆಯಿಂದ ಬರುವುದು ನನಗೆ ದಾರಿ ಬಿಡಬೇಕು. ಇಲ್ಲಿಯವರೆಗೆ ಸರಿ. ಆದರೆ ಎದುರಾಬದುರು ಬಂದಾಗ ಯಾರಿಗೂ ಹಕ್ಕಿಲ್ಲ. ಇಬ್ಬರೂ ತಂತಮ್ಮ ಗೋಡೆ ಕಡೆಗೆ ಸರಿಯಬೇಕು. ನನಗೆ ಕೈ ಕೊಡುವುದು ಇದೇ. ಹೋದ ಬುಧವಾರ ತರಬೇತಿಯವರ ದೋಣಿ ನನ್ನೆದುರು ನೇರ ಬಂತು. ಅದನ್ನು ಓಡಿಸುತ್ತಿದ್ದವರು ನಮ್ಮ ತರಬೇತುದಾರರು. ಅವರಿಗೆ ಕಲಿಯಲು ಬರುವ ನಾವೆಲ್ಲ ಇಟ್ಟ ಹೆಸರು ಲಂಗರು, ಒಮ್ಮೆ ಕೂತರೆ ಏಳುವುದಿಲ್ಲ ಅಂತ. ಅವರು ನಿಯಮದಂತೆ ಬಲಕ್ಕೆ ಸರಿದರು. ನಾನು ಎಡಕ್ಕೆ ಸರಿದೆ, ಅಂದರೆ ನೇರ ಅವರ ಮೇಲೆ. ನಾನು ಗಾಬರಿಯಲ್ಲಿ ಏಳಲು ಹೋಗಿ, ಲೈಫ್ ಜಾಕೆಟ್ಟಿಗೆ ಸಿಕ್ಕಿಸಿದ್ದ ಕೆಂಪು ದಾರ ಎಂಜಿನ್ನಿನಿಂದ ಕಿತ್ತುಬಂದು, ಎಂಜಿನ್ ತಾನಾಗಿ ನಿಂತಿತು. ಓಡಿಸುವವರು ನೀರಿಗೆ ಬಿದ್ದರೆ ದೋಣಿ ಸುತ್ತಾಡಬಾರದು ಅಂತ ಇರುವ ದಾರ ಅದು. ಅದಿಲ್ಲದಿದ್ದರೆ ಈ ಕಾಗದವನ್ನು ಬ್ಯಾಂಡೇಜಿನ ಕೈಯಲ್ಲಿ ಬರೆಯುತ್ತಿದ್ದೆ. ಲಂಗರು ಬೈಯಲಿಲ್ಲ. ದೋಣಿಯನ್ನು ಪಕ್ಕಕ್ಕೆ ತಂದು, "ನೋಡಮ್ಮಾ, ಎದುರಾಬದುರು ಬಂದಾಗ ನಾನೇ ಸರಿ ಅನ್ನೋದು ಉಪಯೋಗಕ್ಕೆ ಬರಲ್ಲ. ಇಬ್ರೂ ಸರಿದ್ರೆ ಮಾತ್ರ ಇಬ್ರೂ ಮನೆಗೆ ಹೋಗ್ತೀವಿ," ಅಂದರು. ಆವತ್ತಿನಿಂದ ದಾರವನ್ನು ಸಿಕ್ಕಿಸಿದ ಮೇಲೂ ಮೂರು ಸಲ ಎಳೆದು ನೋಡುತ್ತೇನೆ. ಮನೆಯಲ್ಲಿ ಚಿಲಕವನ್ನೂ ಹಾಗೇ ನೋಡುತ್ತೇನೆ. ಅಮ್ಮ ಬೈಯುತ್ತಾಳೆ.

ಅಪ್ಪ ಈಗ ದೋಣಿ ಕಟ್ಟುವ ಜೆಟ್ಟಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನೋಡುವುದಕ್ಕಲ್ಲ, ಕೇಳುವುದಕ್ಕೆ. ಕಣ್ಣಿನ ನಡುವೆ ಒಂದಿಷ್ಟು ಕಾಣುತ್ತದಂತೆ, ಪೈಪಿನೊಳಗಿಂದ ನೋಡಿದ ಹಾಗೆ. ಎರಡೂ ಪಕ್ಕ ಕತ್ತಲೆ. ಆದರೆ ಕಿವಿ ಮಾತ್ರ ಎಷ್ಟು ಚುರುಕು ಗೊತ್ತಾ, ನಾನು ವಾಪಸು ಬಂದು ಹಗ್ಗ ಕಟ್ಟುವ ಮೊದಲೇ, ಮೂರನೇ ತಿರುವಲ್ಲಿ ಯಾಕೆ ಅಷ್ಟು ಬೇಗ ರೇಸು ಬಿಟ್ಟೆ ಅಂತ ಕೇಳುತ್ತಾರೆ. ಕಲಿಸುವುದರಲ್ಲಿ ಒಂದು ದಿನವೂ ತಪ್ಪಿಸಿಲ್ಲ. ನಾನು ಓಡಿಸಿಕೊಂಡು ಹೋದಾಗ ಅವರ ತುಟಿ ಅಲ್ಲಾಡುತ್ತಿರುತ್ತದೆ ಅಂತ ಅಮ್ಮ ಹೇಳುತ್ತಾಳೆ, ತಾವೇ ಓಡಿಸುತ್ತಿದ್ದ ಹಾಗೆ. ನಿನ್ನ ಹೆಸರು ಮಾತ್ರ ಎತ್ತುವುದಿಲ್ಲ. ಎತ್ತಿದರೂ 'ನಿಮ್ಮಕ್ಕ' ಅನ್ನುತ್ತಾರೆ, ನೀನು ನನಗೊಬ್ಬಳಿಗೇ ಸೇರಿದವಳ ಹಾಗೆ.

ಈಗ ಎರಡನೇ ಭಯಕ್ಕೆ ಬರುತ್ತೇನೆ. ಇದರ ಮುಂದೆ ಮೊದಲನೆಯದು ಏನೂ ಅಲ್ಲ. ನಮ್ಮ ದೋಣಿಯಲ್ಲೇ ಪರೀಕ್ಷೆ ಕೊಡಬೇಕಾದರೆ ಮಾಲೀಕರ ಒಪ್ಪಿಗೆ ಪತ್ರ ಬೇಕು, ಇಪ್ಪತ್ತನೇ ತಾರೀಕಿನೊಳಗೆ. ಸಾಲು ತಪ್ಪುತ್ತದೆ, ನೀನೇ ಓದು ಅಂತ ಅಪ್ಪ ನಿನ್ನೆ ಅದನ್ನು ನನ್ನ ಕೈಗೆ ಕೊಟ್ಟರು. ಹೆಸರು, ವಿಳಾಸ, ಎಂಜಿನ್ ನಂಬರು ಎಲ್ಲ ಸರಾಗವಾಗಿ ಹೋಯಿತು. ಕೊನೆಗೊಂದು ಸಾಲು: ಈ ದೋಣಿಯ ಹಿಂದಿನ ಚಾಲಕರ ಲೈಸೆನ್ಸು ರದ್ದಾಗಿದ್ದಲ್ಲಿ ಅದಕ್ಕೆ ಕಾರಣ. ನಾನು ಓದಿ ನಿಲ್ಲಿಸಿದೆ. ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಬರಿ, ಮಗಳು ಚಾಡಿ ಹೇಳಿದ್ದರಿಂದ," ಅಂದರು. ನನ್ನ ಪೆನ್ನು ಕಾಗದದ ಮೇಲೆ ನಿಂತು ಒಂದು ಚುಕ್ಕೆ ದಪ್ಪಗಾಯಿತು. ಇಂಕು ಸರಿಯಾಗಿ ಬರುತ್ತಿಲ್ಲ, ಆಮೇಲೆ ಬರೆಯುತ್ತೇನೆ ಅಂದೆ. ಅಕ್ಕಾ, ಇಂಕು ಚೆನ್ನಾಗೇ ಬರುತ್ತಿತ್ತು. ನಾನು ಹೇಳಿದ ಮೊದಲ ಸುಳ್ಳು ಅದಲ್ಲದಿರಬಹುದು, ಆದರೆ ಬಾಯಲ್ಲಿ ಇನ್ನೂ ಕಹಿ ಇರುವುದು ಅದೊಂದೇ.

ಚಾಡಿ ಹೇಳಿದವಳು ನೀನಲ್ಲ, ನಾನು. ಹೋದ ವರ್ಷ ಅಪ್ಪ ಪೆಡಲ್ ದೋಣಿಯಲ್ಲಿದ್ದ ಆ ಗಂಡಹೆಂಡಿರಿಗೆ ಇನ್ನೇನು ಗುದ್ದಿಬಿಡುತ್ತಿದ್ದರಲ್ಲ, ಅದಾದ ಮೂರನೇ ದಿನ ಕಚೇರಿಯ ಇನ್ಸ್‌ಪೆಕ್ಟರು ಬಂದಿದ್ದರು. ಅಪ್ಪ ಒಳಗೆ ಊಟಕ್ಕೆ ಕೂತಿದ್ದರು, ನಾನು ದೋಣಿ ತೊಳೆಯುತ್ತಿದ್ದೆ. ನಿಮ್ಮಪ್ಪನಿಗೆ ಕಣ್ಣು ಚೆನ್ನಾಗಿ ಕಾಣುತ್ತಾ ಅಂತ ಕೇಳಿದರು. ಮೂಗಿನ ನೇರಕ್ಕೆ ಬಂದ್ರೆ ಕಾಣುತ್ತೆ ಸರ್, ಪಕ್ಕದಿಂದ ಬಂದ್ರೆ ಕಾಣಲ್ಲ, ಶಬ್ದ ಕೇಳಿ ತಿರುಗಿಸ್ತಾರೆ ಅಂದೆ. ಅಷ್ಟೇ. ಅವರು ಬರೆದುಕೊಂಡು ಹೋದರು. ಕಣ್ಣಿನ ಪರೀಕ್ಷೆಗೆ ಬರಬೇಕೆಂದು ನೋಟಿಸು ಬಂದಾಗ ಅಪ್ಪ ನೇರ ನಿನ್ನ ಮೇಲೆ ಹಾರಿದರು. ಆರು ತಿಂಗಳಿಂದ ಡಾಕ್ಟರ ಹತ್ತಿರ ಹೋಗಿ ಅಂತ ಕಾಡುತ್ತಿದ್ದವಳು ನೀನು ತಾನೆ, ಬೇರೆ ಯಾರಿರಬಹುದು ಅಂತ. ನೀನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, "ಯಾರು ಹೇಳಿದ್ರೇನಪ್ಪಾ, ಸುಳ್ಳಾ?" ಅಂದೆ. ಆಮೇಲೆ ಒಂದು ಸಲ ನನ್ನ ಕಡೆ ನೋಡಿದೆ. ಒಂದೇ ಸಲ. ನಾನು ಸಾರಿನ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದೆ. ಅಪ್ಪನ ಲೈಸೆನ್ಸು ಹೋಯಿತು, ನೀನು ದೂರದ ಊರಿನ ಕೆಲಸಕ್ಕೆ ಒಪ್ಪಿಕೊಂಡು ಹೋದೆ, ದೋಣಿಗೆ ಟಾರ್ಪಾಲು ಹೊದಿಸಿದರು.

ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದು, ಯಾರೂ ನನ್ನನ್ನು ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ ಅಂತ. ಅದು ನಿಜವೇ. ಆದರೆ ಅಷ್ಟು ನಿಜ ಸಾಲದು ಅಂತ ನಿನ್ನೆ ಆ ಚುಕ್ಕೆ ದಪ್ಪಗಾಗುವುದನ್ನು ನೋಡುತ್ತಾ ಗೊತ್ತಾಯಿತು. ಗುಮಾಸ್ತನ ಮುಂದೆ ನಾಲ್ಕು ಸಲ ಅಂತ ಬರೆದು ಎದೆಯುಬ್ಬಿಸಿಕೊಂಡು ಬಂದವಳು, ಮನೆಯಲ್ಲಿ ಒಂದು ಸಾಲು ಬರೆಯಲಾರೆ. ಬರೆದರೆ ಅಪ್ಪ ಸಹಿ ಹಾಕದೆ ಹರಿದುಬಿಟ್ಟರೆ? ನಾಲ್ಕು ತಿಂಗಳು ನೀರುಪಾಲು. ಕಲಿಸಿದ ಮಗಳೇ ಹೀಗೆ ಮಾಡಿದಳು ಅಂತ ಜೆಟ್ಟಿಯ ಕುರ್ಚಿಯನ್ನೂ ಒಳಗೆ ತಂದುಬಿಟ್ಟರೆ? ನನಗಂತೂ ಲೈಸೆನ್ಸು ಹೋಗುವುದಕ್ಕಿಂತ ಅದೇ ಹೆಚ್ಚು ಹೆದರಿಕೆ. ನಿನಗೆ ಆವತ್ತೇ ಗೊತ್ತಾಗಿತ್ತಾ? ಗೊತ್ತಾಗಿದ್ದರೆ ಯಾಕೆ ಸುಮ್ಮನಿದ್ದೆ? ನಾನು ಚಿಕ್ಕವಳು ಅಂತಲಾ? ಫೋನಿನಲ್ಲಿ ಕೇಳಬಹುದಿತ್ತು, ಆದರೆ ಫೋನಿನಲ್ಲಿ ನೀನು ಮಾತು ತಿರುಗಿಸುತ್ತೀ. ಸ್ಕೂಲು ಬಿಟ್ಟರೂ ಬರೆಯುವುದು ಬಿಡಬೇಡ, ತಿಂಗಳಿಗೊಂದು ಕಾಗದ ಬರಲೇಬೇಕು ಅಂತ ಷರತ್ತು ಹಾಕಿದವಳು ನೀನೇ. ಈ ತಿಂಗಳಿನದು ಇದು. ಇಪ್ಪತ್ತರೊಳಗೆ ಆ ಸಾಲಿನಲ್ಲಿ ಏನು ಬರೆಯಲಿ, ಹೇಳು, ಉತ್ತರ ಮಾತ್ರ ಫೋನಿನಲ್ಲಾದರೂ ಸರಿ.

ಅಮ್ಮ ಬಿಸಿನೀರಲ್ಲಿ ಸೊಂಟಕ್ಕೆ ಶಾಖ ಕೊಡು ಅಂತ ಹೇಳಲು ಹೇಳಿದ್ದಾಳೆ. ಆಶೀರ್ವಾದವನ್ನೂ ಬರೆ ಅಂದಳು, ಬರೆದಿದ್ದೇನೆ. ಅಪ್ಪನ ಲೆಕ್ಕದಲ್ಲಿ ಏನು ಬರೆಯಲಿ, ಅವರು ಏನೂ ಹೇಳಿಲ್ಲ. ನನ್ನ ಲೆಕ್ಕದಲ್ಲಿ ಒಂದು ಒದೆ, ಮಂಚದ ಹಳೆ ಬಾಕಿ.

ನಿನ್ನ
ಗಿರಗಿಟ್ಲೆ

ವಿ.ಸೂ.: ಸೋಮವಾರ ಬೆಳಿಗ್ಗೆ, ಅವಸರದಲ್ಲಿ. ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ನಿನ್ನ ಉತ್ತರಕ್ಕೆ ಕಾಯಲಾಗಲಿಲ್ಲ. ನಿನ್ನೆ ಅಪ್ಪ ಶೆಡ್ಡಿನಲ್ಲಿ ಕಾರ್ಬುರೇಟರ್ ಬಿಚ್ಚಿಕೊಂಡು ಕೂತಿದ್ದಾಗ ಹೇಳಿಬಿಟ್ಟೆ, ಚಾಡಿ ಹೇಳಿದ್ದು ಅಕ್ಕ ಅಲ್ಲ ಅಪ್ಪಾ, ನಾನು ಅಂತ. ಅವರು ಕೈಯಲ್ಲಿದ್ದ ಸಣ್ಣ ತೂತಿನ ಭಾಗವನ್ನು ಬಾಯಿಗಿಟ್ಟು ಊದಿದರು, ಒರೆಸಿದರು, ಮತ್ತೆ ಊದಿದರು. ಕೊನೆಗೆ, "ಮತ್ತೆ ಅವಳ್ಯಾಕೆ ಬಾಯಿ ಬಿಡಲಿಲ್ಲ?" ಅಂದರು. ನೀವು ಅವಳನ್ನ ಕೇಳಲಿಲ್ಲ ಅಪ್ಪಾ, ಅವಳೇ ಅಂತ ಹೇಳಿದಿರಿ ಅಷ್ಟೆ, ಅಂದೆ. ಎದ್ದು ಜೆಟ್ಟಿಗೆ ಹೋದರು. ಅಮ್ಮ ಎರಡು ಸಲ ಊಟಕ್ಕೆ ಕರೆದರೂ ಬರಲಿಲ್ಲ. ನಾನು ಒಪ್ಪಿಗೆ ಪತ್ರವನ್ನು ಅವರ ಕೈಗೆ ಸಿಗದ ಹಾಗೆ ಮೇಲಿನ ಶೆಲ್ಫಿನಲ್ಲಿಟ್ಟು, ನಾಚಿಕೆಯಾಗಿ ಮತ್ತೆ ಕೆಳಗಿಟ್ಟೆ. ಸಂಜೆ ಅಪ್ಪ ಬಂದು, "ಪೆನ್ನು ತಗೋ. ಬರಿ. ಚಾಲಕನಿಗೆ ಕಣ್ಣು ಕಾಣದ ಕಾರಣ," ಅಂದರು. ಬರೆದೆ. ಸಹಿ ಚೌಕದಿಂದ ಹೊರಗೆ ಹೋಗಿದೆ, ಆದರೂ ಸಹಿ ಸಹಿಯೇ ಅಂತ ಗುಮಾಸ್ತ ಈಗ ತಾನೆ ತೆಗೆದುಕೊಂಡ. ಪರೀಕ್ಷೆಯ ದಿನ ದೋಣಿಯಲ್ಲಿ ಮನೆಯವರು ಕೂರಬಹುದಂತೆ. ನನ್ನ ಎಡಗಡೆ ಸೀಟಿನಲ್ಲಿ ನೀವು ಕೂತುಕೊಳ್ಳಿ ಅಪ್ಪಾ, ನನಗೆ ಎಡಬಲ ಗೊತ್ತಾಗುತ್ತೆ ಅಂದೆ. "ಅದು ಅವಳ ಜಾಗ. ನಾನು ಹಿಂದೆ ಕೂರ್ತೀನಿ," ಅಂದರು. ಅಕ್ಕಾ, ನಿನ್ನನ್ನು ಕರೆ ಅಂತ ಅಪ್ಪ ಹೇಳಲಿಲ್ಲ. ಹೇಳಿದರು ಅಂತ ನಾನು ಬರೆಯಲಾರೆ. ಕರೆಯುತ್ತಿರುವುದು ನಾನು. ಮೂವತ್ತನೇ ತಾರೀಕು, ಬೆಳಿಗ್ಗೆ ಒಂಬತ್ತು ಗಂಟೆ. ಅಕ್ಕನ ಕಡೆ ಸೀಟು ಒರೆಸಿಟ್ಟಿದ್ದೇನೆ.