ಎರಡನೇ ಗೆರೆ

ಮಾರ್ಚ್ 3, ಸೋಮವಾರ

ಮತ್ತೆ ಅಂಗಡಿ. ಬೆಳಿಗ್ಗೆಯಿಂದ ಕನ್ನಡಕದ ಫ್ರೇಮ್‌ಗಳ ಸ್ಕ್ರೂ ಬಿಗಿ ಮಾಡಿದ್ದೇ ಮಾಡಿದ್ದು. ಗಿರಾಕಿಗಳ ಕಣ್ಣಿಗೆ ಲೆನ್ಸ್ ಹಾಕಿ ‘ಈಗ ಕಾಣುತ್ತಾ? ಈಗ?’ ಎಂದು ಕೇಳಿದ್ದೇ ಕೇಳಿದ್ದು. ನಡುನಡುವೆ ಟಾಯ್ಲೆಟ್‌ಗೆ ಓಟ. ರಕ್ತ ಇನ್ನೂ ನಿಂತಿಲ್ಲ. ಹನಿ ಹನಿ. ಸೊಂಟ ನನ್ನದಲ್ಲವೇನೋ ಅನ್ನಿಸುತ್ತದೆ. ಕಬ್ಬಿಣದ ಮಾತ್ರೆ ನುಂಗಿ ನುಂಗಿ ಹೊಟ್ಟೆ ಕಲ್ಲಾಗಿದೆ.

ಯಜಮಾನರು ಒಳ್ಳೆಯವರು. ಸ್ಟೂಲ್ ತಂದಿಟ್ಟು ‘ಕೂತ್ಕೊಂಡೇ ಮಾಡಮ್ಮ’ ಅಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ‘ಆಗಿದ್ದೆಲ್ಲ ಒಳ್ಳೇದಕ್ಕೇ ಅಂದ್ಕೋ’ ಎಂದೂ ಸೇರಿಸಿದರು. ಯಾರ ಒಳ್ಳೇದಕ್ಕೆ? ಕೇಳಲಿಲ್ಲ. ಸಂಬಳ ಕೊಡುವವರು. ಎದುರು ಮನೆಯಾಕೆ ನಿನ್ನೆ ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡು’ ಅಂದಳು. ತುತ್ತಂತೆ! ನನ್ನ ಮಗು ಏನು ಇವಳ ತಟ್ಟೆಯಲ್ಲಿತ್ತಾ?

ಮೂರನೇ ತಿಂಗಳು ನಡೆಯುತ್ತಿತ್ತು. ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ನಿಂತಿದೆ ಎಂದರು. ಮಾತ್ರೆ ಕೊಟ್ಟು ಕಳಿಸಿದರು. ಮನೆಯಲ್ಲೇ ಹೋಯಿತು. ಈ ಭಾನುವಾರ ಪ್ರೆಗ್ನೆನ್ಸಿ ಕಿಟ್‌ನಲ್ಲಿ ನೋಡಬೇಕು — ಡಾಕ್ಟರಮ್ಮನ ಅಪ್ಪಣೆ. ಒಂದೇ ಗೆರೆ ಬಂದರೆ ಒಳಗೆಲ್ಲ ಖಾಲಿ. ಎರಡು ಬಂದರೆ ಏನೋ ಉಳಿದುಕೊಂಡಿದೆ. ‘ಉಳಿದ್ರೆ ಹಾಗೇ ಬಿಡಬಾರದು. ಸೋಂಕಾದ್ರೆ ಮುಂದೆ ಮಗು ಆಗೋದೇ ಕಷ್ಟ’ ಎಂದು ಇವರನ್ನೂ ಕೂರಿಸಿಕೊಂಡು ಹೇಳಿದ್ದಾರೆ.

ದೇವರೇ, ಒಂದೇ ಬರಲಿ.

ಮಾರ್ಚ್ 9, ಭಾನುವಾರ, ಬೆಳಿಗ್ಗೆ

ಎರಡು.

ಇಂಥವೇ ಎರಡು ಗೆರೆ ನೋಡಿ ಡಿಸೆಂಬರ್‌ನಲ್ಲಿ ಬಾತ್‌ರೂಮಿನಲ್ಲೇ ಕುಣಿದಿದ್ದೆ. ಈಗ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಈ ಮೈಗೆ ಸುದ್ದಿಯೇ ಮುಟ್ಟಿಲ್ಲ. ಇನ್ನೂ ಬಸುರಿ ಎಂದುಕೊಂಡು ಕೂತಿದೆ, ಪೆದ್ದು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಬುಧವಾರ ಸ್ಕ್ಯಾನ್. ಅಷ್ಟರೊಳಗೆ ಜ್ವರ ಬಂದರೆ ಕಾಯಬಾರದು. ಕಿಟ್ ಅನ್ನು ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಇವರಿಗೆ ಸಂಜೆ ಹೇಳಬೇಕು. ಅಂಗಡಿಗೆ ಭಾನುವಾರವೂ ರಜೆಯಿಲ್ಲ. ಹೊರಟೆ.

ಅದೇ ದಿನ, ಸಂಜೆ

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನ ಬ್ಯಾಗ್ ಕಿತ್ತುಕೊಂಡರು. ‘ಭಾರ ಎತ್ತಬೇಡ ಕಣೇ, ಈ ಸಲನಾದ್ರೂ ನನ್ನ ಮಾತು ಕೇಳು!’

ಟೀಪಾಯ್ ಮೇಲೆ ಸಿಹಿ ಡಬ್ಬಿ. ಅದರ ಮುಂದೆ ಎದುರು ಮನೆಯಾಕೆ, ಬಾಯಿ ತುಂಬ ಸಿಹಿ. ಸ್ಪೀಕರ್ ಫೋನಿನಲ್ಲಿ ನಾದಿನಿಯ ಕಿರುಚಾಟ. ಕಸ ಸುರಿಯಲು ಹೋದ ಅತ್ತೆಗೆ ಕಿಟ್ ಸಿಕ್ಕಿದೆ. ಮಧ್ಯಾಹ್ನದೊಳಗೆ ಬೀದಿಗೆಲ್ಲ ಡಂಗುರ. ಕೂಸು ಹುಟ್ಟೋ ಮುಂಚೆ ಕುಲಾವಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೂಸು ಹೋದ ಮೇಲೆ ಕುಲಾವಿ.

‘ಅತ್ತೆ, ಅದು ಹೊಸದಲ್ಲ. ಹಳೇದರ ಚೂರು ಒಳಗೆ ಉಳಿದಿದೆ. ಅದಕ್ಕೇ ಹಾಗೆ ತೋರಿಸೋದು.’

‘ಬಿಡ್ತು ಅನ್ನು! ದೀಪ ಹಚ್ಚೋ ಹೊತ್ತಲ್ಲಿ ಎಂಥ ಮಾತು!’

ಇವರ ಮುಖ ನೋಡಿದೆ. ಬಾಯಿ ಬಿಡುತ್ತಾರೆಂದು ಕಾದೆ. ಮೂಲೆಯಲ್ಲಿ ನಿಂತು ಫೋನ್ ಉಜ್ಜುತ್ತಾ ನಗುತ್ತಿದ್ದರು. ಸಿಹಿ ತಂದದ್ದೇ ಇವರಂತೆ!

ಮಾರ್ಚ್ 10

ಬೆಳಿಗ್ಗೆ ಇವರನ್ನು ಅಡುಗೆಮನೆಯಲ್ಲಿ ಹಿಡಿದೆ.

‘ರೀ, ಅದಾದ್ಮೇಲೆ ನನ್ನ ಕೈಯನ್ನಾದ್ರೂ ಮುಟ್ಟಿದ್ದೀರಾ? ಮಗು ಏನು ಗಾಳೀಲಿ ಬಂತಾ?’

‘ಮೆಲ್ಲಗೆ ಮಾತಾಡೇ. ಅಮ್ಮ ಇದಾರೆ.’

‘ಗೊತ್ತಿದ್ದೂ ಸಿಹಿ ಯಾಕೆ ತಂದ್ರಿ?’

‘ಅಮ್ಮ ಅಷ್ಟೊಂದು ಖುಷಿಯಾಗಿದ್ರು... ಡಾಕ್ಟರೂ ತಪ್ಪಬಹುದಲ್ವಾ? ಒಂದು ವಾರ ನೋಡೋಣ.’

ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಅಮ್ಮನ ಹತ್ತಿರ ಇಂಥದ್ದನ್ನೆಲ್ಲ ಹೇಗೆ ಹೇಳುವುದು, ನಾಚಿಕೆ ಅಂತೆ. ನನ್ನ ಗರ್ಭಕೋಶ ಕೊಳೆತರೂ ಪರವಾಗಿಲ್ಲ, ಇವರ ನಾಚಿಕೆ ಉಳಿಯಬೇಕು. ಮೈ ಉರಿಯಿತು. ಕೈಯಲ್ಲಿದ್ದ ಲೋಟ ಸಿಂಕಿಗೆ ಎಸೆದೆ. ಸ್ಟೀಲು. ಸದ್ದಷ್ಟೇ ಆಯಿತು.

ಮಾರ್ಚ್ 12, ಬುಧವಾರ

ಚಪ್ಪಲಿ ಮೆಟ್ಟುವಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ‘ಯಾವ ಆಸ್ಪತ್ರೆಗೂ ಹೋಗೋದು ಬೇಡ. ಹೋದ ಸಲ ಅವರ ಮಾತ್ರೆ ತಿಂದೇ ಹೋಯ್ತು. ಇದನ್ನೂ ಕಳ್ಕೋಬೇಕಾ?’

ಇವರು ಪೇಪರ್ ಓದುತ್ತಿದ್ದರು. ತುಂಬ ಹೊತ್ತಿನಿಂದ ಅದೇ ಪುಟ.

ಹೇಳಿಬಿಟ್ಟೆ. ‘ಅತ್ತೆ, ನಿಮ್ಮ ಮಗ ನನ್ನ ಪಕ್ಕ ಮಲಗೇ ಇಲ್ಲ. ಅವತ್ತಿಂದ ಸೋಫಾ ಮೇಲೆ. ದಿನಾ ಬೆಳಿಗ್ಗೆ ನೀವೇ ಎಬ್ಬಿಸ್ತೀರಲ್ಲ? ಇನ್ನು ಮಗು ಎಲ್ಲಿಂದ ಬರುತ್ತೆ?’

ಅತ್ತೆ ಸೋಫಾ ನೋಡಿದರು. ದಿಂಬು ಇನ್ನೂ ಅಲ್ಲೇ ಇತ್ತು. ಮಗನನ್ನು ನೋಡಿದರು. ಮಗ ಪೇಪರಿನ ಹಿಂದೆ. ಅತ್ತೆ ಬಾಗಿಲಿನಿಂದ ಸರಿದರು. ಕೈ ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಇದ್ದರು, ಒದ್ದೆಯೇ ಇರಲಿಲ್ಲ.

ಒಬ್ಬಳೇ ಬಸ್ ಹತ್ತಿದೆ. ಸ್ಕ್ಯಾನ್‌ನಲ್ಲಿ ಕಂಡಿತು. ಚೂರು ಉಳಿದಿದೆ. ನಾಳೆಯೇ ತೆಗೆಯಬೇಕಂತೆ.

ಮಾರ್ಚ್ 16

ಆಯಿತು. ಮೂರು ದಿನ ಪೆನ್ ಹಿಡಿಯಲಾಗಲಿಲ್ಲ. ಕೆಳಹೊಟ್ಟೆಯಲ್ಲಿ ಯಾರೋ ಕೆರೆದು ಹೋದ ನೋವು. ಕೆರೆದೇ ಹೋಗಿದ್ದಾರೆ.

ಅವತ್ತು ಕಣ್ಣು ಬಿಟ್ಟಾಗ ಇಬ್ಬರೂ ಬಂದಿದ್ದರು. ಅತ್ತೆ ಫ್ಲಾಸ್ಕ್‌ನಲ್ಲಿ ಹಾಲು ತಂದಿದ್ದರು. ನರ್ಸ್ ಎದುರಿಗೇ ಮಗನಿಗೆ ಹೇಳಿದರು: ‘ನೀನಾದ್ರೂ ಬಾಯಿ ಬಿಡಬಾರದಿತ್ತೇನೋ?’ ಅಂತೂ ಕೇಳಬೇಕಾದವರನ್ನು ಕೇಳಿದರು. ನನ್ನ ಸಿಟ್ಟೇನೂ ಇಳಿಯಲಿಲ್ಲ. ಹಾಲು ಕುಡಿದೆ.

ಡಾಕ್ಟರಮ್ಮ ಹೇಳಿದ್ದು: ‘ಗಾಯ ಮಾಯುವಾಗ ಗರ್ಭಕೋಶದ ಗೋಡೆ ಅಂಟ್ಕೊಂಡ್ರೆ ಮಾತ್ರ ತೊಂದರೆ. ಅಪರೂಪ. ಮೂರು ವಾರ ಬಿಟ್ಟು ಕಿಟ್‌ನಲ್ಲಿ ಮತ್ತೊಂದ್ಸಲ ನೋಡಿ. ಆಮೇಲೆ ಒಂದು ಮುಟ್ಟು ಬರಲಿ, ಮುಂದಿನದು ನೋಡೋಣ.’

‘ಮುಂದೆ ಮಗು ಆಗುತ್ತಾ ಮೇಡಂ?’

‘ಹೆಚ್ಚಿನವರಿಗೆ ಆಗುತ್ತೆ.’

‘ನನಗೆ?’

ಕೈ ತೊಳೆಯಲು ಹೋದರು.

ಮಾರ್ಚ್ 24

ಇವರು ದಿಂಬು ಹಿಡಿದು ರೂಮಿನ ಬಾಗಿಲಲ್ಲಿ ನಿಂತರು. ‘ಒಳಗೆ ಬರಲಾ?’

‘ಏನಕ್ಕೆ? ಡಾಕ್ಟರು ಇನ್ನೂ ಆಗಬಹುದು ಅಂದಿಲ್ಲ.’

‘ಅದಕ್ಕಲ್ವೇ... ನಿನ್ನ ಪಕ್ಕ ಮಲಗಿದ್ರೆ ಅಳು ಬರ್ತಿತ್ತು. ಅದಕ್ಕೇ ಸೋಫಾ.’

‘ಬಂದ್ರೆ ಅಳಬೇಕಿತ್ತು! ನಾನು ಒಬ್ಬಳೇ ಅಳ್ತಾ ಬಿದ್ದಿರ್ಲಿಲ್ವಾ? ಜೊತೆಗೆ ಅಳೋಕೂ ನಿಮ್ಮಮ್ಮನ ಅಪ್ಪಣೆ ಬೇಕಿತ್ತಾ?’

ಮಂಚದ ಅಂಚಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು. ಬೆನ್ನು ಅಲುಗುತ್ತಿತ್ತು. ಕೈ ಹಾಕಬೇಕು ಅನ್ನಿಸಿತು. ಹಾಕಲಿಲ್ಲ. ಇರಲಿ, ಸ್ವಲ್ಪ ದಿನ ಅವರೂ ಒಬ್ಬರೇ ಅಳಲಿ.

ಏಪ್ರಿಲ್ 6, ಬೆಳಿಗ್ಗೆ

ರೂಮಿನ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ. ಕಿಟ್ ಮಡಿಲಲ್ಲಿದೆ.

ಒಂದೇ ಗೆರೆ.

ಇದಕ್ಕಾಗಿಯೇ ಮನೆಯವರನ್ನೆಲ್ಲ ಎದುರು ಹಾಕಿಕೊಂಡದ್ದು. ಗೆದ್ದೆ. ಡಾಕ್ಟರಮ್ಮ ಭೇಷ್ ಅನ್ನುತ್ತಾರೆ. ಸಮಾಧಾನ ಆಗಬೇಕಿತ್ತು. ಸೀದಾ ಕಿಟಕಿಗೆ ಹೋದೆ. ಬೆಳಕಿಗೆ ಹಿಡಿದೆ. ಓರೆ ಮಾಡಿದೆ. ಹೊಸ ಲೆನ್ಸಿನಲ್ಲಿ ಗೀರು ಹುಡುಕುವ ಹಾಗೆ ಹುಡುಕಿದೆ. ಅಂಗಡಿಯ ಭೂತಗನ್ನಡಿ ಬ್ಯಾಗಿನಲ್ಲಿತ್ತು, ಅದನ್ನೂ ತೆಗೆದೆ. ಎರಡನೆಯದು ಎಲ್ಲಾದರೂ, ಮಸುಕಾಗಿಯಾದರೂ...

ಥೂ. ಅತ್ತೆಗೆ ಬೈದೆ. ಇವರಿಗೆ ಬೈದೆ. ಅವರಿಗಾದರೂ ಎರಡು ಗೆರೆ ಕಂಡಿತ್ತು. ನನಗೆ ಏನು ಕಂಡಿತ್ತು ಅಂತ ಆಸೆ ಪಟ್ಟೆ? ಅದು ಹೋಯಿತು. ಈಗ ಮೈಗೂ ಗೊತ್ತಾಗಿದೆ. ಅದಕ್ಕೆ ಗೊತ್ತಾಗದೆ ಇದ್ದಷ್ಟು ದಿನ ನಾನೂ ಒಳಗೊಳಗೇ ಕಾಯುತ್ತಿದ್ದೆ.

ಬಾಗಿಲಾಚೆ ಇವರು. ‘ಏನ್ ಬಂತೇ?’

ಅತ್ತೆಯ ದನಿ — ‘ಸುಮ್ನಿರೋ. ಅವಳೇ ಹೇಳಲಿ.’

ಹೇಳುತ್ತೇನೆ. ಇರಿ. ಇನ್ನೊಂದೇ ಒಂದು ಸಲ ನೋಡಿಬಿಡುತ್ತೇನೆ.