ಇಲಿ ಬದುಕಿದ ಸುದ್ದಿ

ಜಯನಗರ
೧೨-೮-೨೦೦೩

ಡಾ. ರಾಜಶ್ರೀ ಅವರಿಗೆ ಶರಣು.

ಕಳೆದ ವರ್ಷ ನನ್ನ ಪತ್ನಿ ನೀಲಗಂಗಮ್ಮನಿಗೆ ರಕ್ತಭೇದಿಯಾದಾಗ ಅವಳ ಮಲದಿಂದ ನೀವು ರೋಗಾಣುವನ್ನು ಬೆಳೆಸಿದಿರಿ. ಅದರ ಒಂದು ವಂಶವಾಹಿಯನ್ನು ತೆಗೆದರೆ ವಿಷದ ಪ್ರೋಟೀನು ಹುಟ್ಟುವುದಿಲ್ಲ, ಅಂಥ ರೋಗಾಣು ಕೊಟ್ಟ ಇಲಿ ಬದುಕುತ್ತದೆ ಎಂದು ಮೊನ್ನೆ ಆಸ್ಪತ್ರೆಗೆ ಬಂದು ಸಂತೋಷದಿಂದ ತಿಳಿಸಿದಿರಿ. ಅಂದಿನಿಂದ ಅವಳದು ಒಂದೇ ಮಾತು: "ಇಲೀನೇ ಬದುಕಿದೆ ಅಂದ್ಮೇಲೆ ನಂಗೂ ಔಷಧಿ ಬರುತ್ತೆ ಕಣ್ರೀ. ನಾನ್ ಮನೆಗ್ ಬರಲ್ಲ."

ಆ ರೋಗಾಣುವಿನ ವಿಷದಿಂದ ಕೆಟ್ಟ ಅವಳ ಮೂತ್ರಪಿಂಡಗಳು ಸರಿಹೋಗವೆಂದೂ ಡಯಾಲಿಸಿಸ್ಸನ್ನು ಅವಳ ಹೃದಯ ಇನ್ನು ತಾಳದೆಂದೂ ವೈದ್ಯರು ಹೇಳಿದ್ದಾರೆ. ನಾನು ಹೇಳಿದರೆ, "ವ್ಯಾಕರಣದ ಮೇಷ್ಟ್ರಿಗೇನ್ರೀ ಗೊತ್ತು?" ಎನ್ನುತ್ತಾಳೆ.

ಇಲಿಗೆ ಕೊಟ್ಟದ್ದು ಔಷಧವಲ್ಲ, ವಿಷವಿಲ್ಲದ ರೋಗಾಣು ಎಂಬುದನ್ನು ದಯವಿಟ್ಟು ನೀವೇ ಬಂದು ಅವಳಿಗೆ ತಿಳಿಸಬೇಕು. ಕಡೆಗಾಲಕ್ಕಾದರೂ ನಾನು ಅವಳನ್ನು ಮನೆಗೆ ಕರೆದೊಯ್ಯಬೇಕು. ಅಲ್ಲಿ ಹಾಸಿಗೆ ಹಾಸಿಟ್ಟಿದ್ದೇನೆ.

ಇಂತು,
ಜಯದೇವಪ್ಪ